ಮಜ್ಜಿಗಿಹಳ್ಳದ ಏಳು ಸಾವಿರನೇ ರವಿವಾರ

ಫೆಬ್ರುವರಿ 30, 2161, ತಿಳಿವಾರ
ಮಜ್ಜಿಗಿಹಳ್ಳದ ಬಲದಂಡೆ, ಎರಡನೇ ಚಹಾದ ಹೊತ್ತು

ಧಾರವಾಡ ಸೀಮೆಯ ಮಜ್ಜಿಗಿಹಳ್ಳಕ್ಕೆ ರವಿವಾರ ರವಿವಾರ ಬಲೆ ಹಿಡಿದು ಇಳಿಯುತ್ತಿರುವ ಒಂಬತ್ತು ಮಂದಿ ಹಿರಿಯರಿಗೆ, ಇನ್ನೂ ಹುಟ್ಟದವನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬರೆದವನ ತಲೆ ನೆಟ್ಟಗಿದೆ. ನಮ್ಮ ಫೆಬ್ರುವರಿಗೆ ಮೂವತ್ತು ದಿನ. ಜುಲೈ, ಆಗಸ್ಟಿನಲ್ಲಿ ಹಳ್ಳ ಕೆಂಪಗೆ ಉಕ್ಕುತ್ತದೆ. ಆಗ ಬಲೆ ಹಾಕಿದರೆ ಹುಳ ಸಿಗುವುದಿರಲಿ, ಹಾಕಿದವನನ್ನೇ ಮುಂದಿನ ಊರಿನವರು ಬಲೆ ಹಾಕಿ ಹಿಡಿಯಬೇಕು. ಫೆಬ್ರುವರಿಯ ನೀರಾದರೆ ತಳದ ಕಲ್ಲುಗಳು ಹಲ್ಲು ಬಿಟ್ಟು ನಗುವಷ್ಟು ತಿಳಿ. ಆದ್ದರಿಂದ ನಮ್ಮ ಅಜ್ಜಂದಿರ ಕಾಲದಲ್ಲಿ ಆ ಎರಡು ತಿಂಗಳಿಂದ ಒಂದೊಂದು ದಿನ ಕಿತ್ತು ಇದಕ್ಕೆ ಕಟ್ಟಿದರು. ಜುಲೈ ಸುಮ್ಮನೆ ಕೊಟ್ಟಿತಂತೆ, ಆಗಸ್ಟ್ ಒಂದು ವಾರ ಗುಡುಗಿತಂತೆ. ಇನ್ನು ತಿಳಿವಾರ ಎಂದರೆ ನಿಮ್ಮ ಸೋಮವಾರ. ರವಿವಾರ ಎಣಿಸಿದ್ದರ ಫಲ ಊರಿಗೆಲ್ಲ ತಿಳಿಯುವುದು ಆವತ್ತು, ಅದಕ್ಕೆ ಆ ಹೆಸರು. ಉಳಿದ ವಾರಗಳ ಹೆಸರೂ ಬದಲಾಗಿವೆ. ರವಿವಾರವನ್ನು ಮಾತ್ರ ಯಾರೂ ಮುಟ್ಟಿಲ್ಲ, ಅದು ನಿಮ್ಮದು.

ಭಾಷೆಯ ಬಗ್ಗೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕನ್ನಡ ಕನ್ನಡವೇ ಇದೆ, ಆದರೆ ನಿಮ್ಮ ನಮ್ಮ ನಡುವೆ ನೂರಮೂವತ್ತನಾಲ್ಕು ವರ್ಷಗಳ ನೀರು ಹರಿದಿದೆ. ನಿಮ್ಮ ಕಾಲದಲ್ಲಿ ಮಗ 'ಹಳ್ಳ ಹಿಡಿದ' ಎಂದರೆ ಮನೆಯವರು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರೆಂದು ಓದಿದ್ದೇನೆ. ನಮ್ಮಲ್ಲಿ ಪೇಢೆ ಹಂಚುತ್ತಾರೆ. 'ನೀರಿನ ಹಾಗೆ ಖರ್ಚು ಮಾಡುತ್ತಾನೆ' ಎಂದರೆ ಈಗ ಕಡು ಜಿಪುಣ ಎಂದರ್ಥ. 'ನೀರು ಕುಡಿದಷ್ಟು ಸುಲಭ' ಎಂದು ನೀವು ಯಾವುದಕ್ಕೆಲ್ಲ ಹೇಳುತ್ತಿದ್ದಿರೋ ಗೊತ್ತಿಲ್ಲ. ನಮಗೆ ನೀರು ಕುಡಿಯುವುದಕ್ಕಿಂತ ಕಷ್ಟದ ಕೆಲಸ ನಿನ್ನೆಯವರೆಗೆ ಮತ್ತೊಂದಿರಲಿಲ್ಲ. ಅದರ ಕಥೆಯನ್ನೇ ಹೇಳಲು ಕೂತಿದ್ದೇನೆ.

ನಾನು ಹಳ್ಳಗಾರ. ಹಾಗೆಂದರೆ ಹಳ್ಳದ ಆರೋಗ್ಯ ನೋಡುವವನು. ನೀವು ಒಂಬತ್ತು ಮಂದಿ ಯಾರೂ ಹೇಳದೆ, ಯಾರನ್ನೂ ಕೇಳದೆ ಶುರು ಮಾಡಿದ ಕೆಲಸವನ್ನು ಈಗ ಊರಿನ ಪ್ರತಿ ಮನೆಯೂ ಸರದಿಯಲ್ಲಿ ಮಾಡುತ್ತದೆ. ಸಂಬಳವಿಲ್ಲ, ಹಂಬಲವಿದೆ. ಬಲೆ ಹಾಕುವುದು, ಕಲ್ಲು ಮಗುಚುವುದು, ಅಡಿಯಲ್ಲಿ ಯಾರು ಯಾರು ಸಂಸಾರ ಹೂಡಿದ್ದಾರೆ ಎಂದು ನೋಡಿ ಬರೆಯುವುದು, ಮತ್ತೆ ಕಲ್ಲನ್ನು ಇದ್ದ ಹಾಗೇ ಮುಚ್ಚುವುದು. ನೀವು ದಾಖಲೆ ಪುಸ್ತಕದಲ್ಲಿ 'ಮೂರು ಬಾಲದ ಹುಳ, ಹೆಸರು ಗೊತ್ತಿಲ್ಲ' ಎಂದು ಬರೆದಿದ್ದೀರಲ್ಲ, ಹೊಲಸು ನೀರಿನಲ್ಲಿ ಒಂದು ದಿನವೂ ಬಾಳದ ಆ ನಾಜೂಕಿನ ಜೀವಿಗೆ ಈಗ ಮೂಬಾಲ ಎಂದು ಹೆಸರು. ಮೂಬಾಲ ಹೆಚ್ಚಾದ ವಾರ ಕ್ಷೌರದಂಗಡಿಯಲ್ಲೂ ಅದೇ ಮಾತು. ಗಿರಾಕಿಯ ಅರ್ಧ ಮೀಸೆ ಬೋಳಿಸಿ ಉಳಿದರ್ಧ ಮರೆತುಬಿಡುವಷ್ಟು ಮಾತು. ನೀವು ಏರೋಪ್ಲೇನ್ ಚಿಟ್ಟೆ ಎನ್ನುತ್ತಿದ್ದುದನ್ನು ನಾವೂ ಹಾಗೇ ಕರೆಯುತ್ತೇವೆ. ಆದರೆ ಏರೋಪ್ಲೇನ್ ಎಂದರೇನು ಎಂದು ಮಕ್ಕಳು ಕೇಳುತ್ತಾರೆ. ಹಿಂದೆ ಈ ಚಿಟ್ಟೆಯನ್ನು ನೋಡಿ ಜನ ಒಂದು ಗಾಡಿ ಮಾಡಿದ್ದರು, ಇಷ್ಟು ಚೆನ್ನಾಗಿ ಬರಲಿಲ್ಲ, ಬಿಟ್ಟರು ಎಂದು ಹೇಳಿ ಸುಮ್ಮನಾಗುತ್ತೇವೆ.

ನಿಮ್ಮ ಕಾಲದ ಫೋಟೋಗಳಲ್ಲಿ ಮನೆಗಳೆಲ್ಲ ಹಳ್ಳಕ್ಕೆ ಬೆನ್ನು ತಿರುಗಿಸಿ, ಬಚ್ಚಲ ಪೈಪುಗಳನ್ನು ಚಾಚಿ ನಿಂತಿವೆ. ಹೆಸರು ಮಜ್ಜಿಗಿಹಳ್ಳ, ಬಣ್ಣ ಕಷಾಯದ್ದು. ಸೇತುವೆ ದಾಟುವವರೆಲ್ಲ ಮೂಗು ಹಿಡಿದಿದ್ದಾರೆ, ನೀವು ಒಂಬತ್ತು ಜನ ಮಾತ್ರ ಮೊಣಕಾಲುದ್ದ ನೀರಿನಲ್ಲಿ ನಿಂತು ಫೋಟೋಕ್ಕೆ ನಗುತ್ತಿದ್ದೀರಿ. ಈಗ ಮನೆಗಳೆಲ್ಲ ಮುಖ ತಿರುಗಿಸಿಕೊಂಡಿವೆ, ಒಳ್ಳೆಯ ಅರ್ಥದಲ್ಲಿ. ತಲೆಬಾಗಿಲು ಹಳ್ಳದ ಕಡೆಗೇ ಇರುತ್ತದೆ. ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಲು ಬಂದ ಹೆಂಗಸರು ಎದುರುದಂಡೆಯ ಹೆಂಗಸರನ್ನು ಮಾತನಾಡಿಸುತ್ತಾ, ಕೆಳಗಿನ ಮರಿಮೀನುಗಳ ಚಾರಿತ್ರ್ಯದ ಬಗ್ಗೆಯೂ ನಾಲ್ಕು ಮಾತಾಡುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ದಂಡೆಗಿಳಿದು ಮನೆಯೆದುರಿನ ಕಲ್ಲೊಂದನ್ನು ಮಗುಚಿ ನೋಡುವ ಪದ್ಧತಿ ಇದೆ. ಜಾತಕ ಹೇಗಿದ್ದರೂ ಕಲ್ಲಿನಡಿ ಸಿಗಡಿ ಸಿಕ್ಕರೆ ಅರ್ಧ ಮದುವೆ ಆದಂತೆ.

ಇಷ್ಟೆಲ್ಲ ಇದ್ದೂ ಆ ನೀರನ್ನು ನಾವು ಕುಡಿಯುವಂತಿರಲಿಲ್ಲ. ಬೊಗಸೆಯೊಡ್ಡಿ ಹಾಗೇ ಕುಡಿಯಬಹುದಾದ ಹಳ್ಳಕ್ಕೆ ಕುಡಿಹಳ್ಳ ಎನ್ನುತ್ತೇವೆ. ಆ ಬಿರುದಿಗೆ ನೀರು ಶುದ್ಧವಿದ್ದರೆ ಸಾಲದು. ಮದುವೆಯ ದಿನ ಎಲ್ಲ ಅಳಿಯಂದಿರೂ ಒಳ್ಳೆಯವರೇ ಆಗಿರುತ್ತಾರಲ್ಲ, ಹಾಗೆ ಒಂದು ದಿನದ ಶುದ್ಧಿಯನ್ನು ಯಾರೂ ನಂಬುವುದಿಲ್ಲ. ಏಳು ಸಾವಿರ ರವಿವಾರ ಬಿಡದೆ ಎಣಿಸಿದ ದಾಖಲೆ ಬೇಕು. ಅಲ್ಲಿಯವರೆಗೆ ಹಳ್ಳಗಾರರು ನೀರನ್ನು ತುಟಿಗೂ ತಾಗಿಸಬಾರದು. ರುಚಿ ನೋಡಿದವರ ಲೆಕ್ಕದಲ್ಲಿ ಪ್ರೀತಿ ಸೇರಿಕೊಳ್ಳುತ್ತದೆ ಎಂಬ ಭಯ.

ಈ ನಿಯಮದಿಂದ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟಾಕೆ ತಂಗೆವ್ವ. ನನ್ನ ಅಜ್ಜಿಯ ಅಕ್ಕ, ನಾನು ಆಯಿ ಎನ್ನುತ್ತೇನೆ, ಬಲೆ ಹಿಡಿಯಲು ಕಲಿಸಿದ ಗುರುವೂ ಆಕೆಯೇ. ವಯಸ್ಸು ತೊಂಬತ್ತನಾಲ್ಕು. ಹದಿನೆಂಟನೇ ವಯಸ್ಸಿಗೆ ಹಳ್ಳಕ್ಕಿಳಿದವಳು ನಾಲ್ಕು ಸಾವಿರಕ್ಕೆ ತುಸು ಕಡಿಮೆ ರವಿವಾರ ಎಣಿಸಿದ್ದಾಳೆ. ತನ್ನ ಮದುವೆ ಇದ್ದ ರವಿವಾರವೂ ಅರಿಸಿನದ ಕೈಯಲ್ಲೇ ಬಲೆ ಹಾಕಿ, ಗಂಡನನ್ನು ಬಕೆಟ್ಟು ಹಿಡಿಯಲು ನಿಲ್ಲಿಸಿದ್ದಳಂತೆ. ಆಕೆಗೆ ಇದ್ದುದು ಒಂದೇ ಆಸೆ. "ಹೋಗೂದ್ರೊಳಗ ಒಂದ ಬೊಗಸಿ ಕುಡದ ಹೋಗ್ತೀನಿ. ಎರಡ ಬ್ಯಾಡ," ಎನ್ನುತ್ತಿದ್ದಳು. ಏಳು ಸಾವಿರನೇ ರವಿವಾರ ಹತ್ತಿರವಾದಂತೆ ವೈದ್ಯರ ಮಾತನ್ನೂ ಕೇಳತೊಡಗಿದ್ದಳು. ಅದನ್ನು ನೋಡಿ ನಮಗೆ ಭಯವೇ ಆಗಿತ್ತು.

ಆ ರವಿವಾರ ನಿನ್ನೆ ಬಂತು. ಅದಕ್ಕೆ ಹನ್ನೊಂದು ದಿನ ಮೊದಲೇ ನೀರುಸಾಕ್ಷಿ ಬಂದಿದ್ದರು. ನೀರುಸಾಕ್ಷಿ ಎಂದರೆ ಹೊರಗಿನ ಊರಿನಿಂದ ಬಂದು ದಾಖಲೆಯನ್ನೆಲ್ಲ ಓದಿ ತೀರ್ಪು ಕೊಡುವ ಅಧಿಕಾರಿ. ಇವರು ಮಂಡ್ಯ ಕಡೆಯ ಚೆಲುವಯ್ಯ. ತೆಳ್ಳಗಿನ ಮನುಷ್ಯ, ದಪ್ಪಗಿನ ಕನ್ನಡಕ. ತಂಗೆವ್ವನ ಮನೆಯಲ್ಲೇ ಇಳಿದುಕೊಂಡು, ಅವಳು ಬಡಿದ ರೊಟ್ಟಿ, ಎಣ್ಣೆಗಾಯಿ ಉಣ್ಣುತ್ತಾ ನೂರಮೂವತ್ತನಾಲ್ಕು ವರ್ಷಗಳ ಪುಸ್ತಕಗಳನ್ನು ಒಂದೊಂದೇ ಮುಗಿಸಿದರು. ಎಣ್ಣೆಗಾಯಿ ಕರಗಿತು, ಅವರು ಕರಗಲಿಲ್ಲ. ನಿನ್ನೆ ಬೆಳಿಗ್ಗೆ ಊರೆಲ್ಲ ದಂಡೆಯ ಮೇಲೆ ಹೊಸ ಬಟ್ಟೆಯಲ್ಲಿ ನೆರೆದಿದ್ದಾಗ ಅವರು ಎದ್ದು ನಿಂತದ್ದು ನಿಮ್ಮ ಪುಸ್ತಕವನ್ನು, ಅಂದರೆ ಮೊಟ್ಟಮೊದಲನೆಯದನ್ನು, ಕೈಯಲ್ಲಿ ಹಿಡಿದುಕೊಂಡು.

ಇಲ್ಲಿ ಸ್ವಲ್ಪ ನಿಮ್ಮ ಕಾಲೆಳೆಯಬೇಕು, ತಡೆದುಕೊಳ್ಳಿ. ನೀವು ಎರಡು ತಂಡ. ಮೇಲಿನ ಸೇತುವೆಯ ಬಳಿ ಲೆಕ್ಕದ ಟೀಚರ್ ಪ್ರೇಮಲತಾ ಬಾಯಿಯವರ ತಂಡ, ಕೆಳಗೆ ಅಗಸರ ಕಲ್ಲಿನ ಬಳಿ ಟೇಲರ್ ಖಾಜಾಸಾಬರ ತಂಡ, ಅರ್ಧ ಗಂಟೆಯ ಅಂತರ. ಮೇಲಿನ ತಂಡದವರಿಗೆ ಎಣಿಸಿದ ಜೀವಿಗಳ ಮೇಲೆ ಮರುಕ ಹೆಚ್ಚು. ಪಾಪ, ಗಾಬರಿಯಾಗಿವೆ, ರಭಸದ ನೀರಿಗೆ ಬಿಡುವುದು ಬೇಡ ಎಂದು ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಕೆಳಗಿನ ನೆರಳಿನ ಮಡುವಿಗೆ ಬಿಡುತ್ತಿದ್ದರು. ಆ ಮಡು ಅಗಸರ ಕಲ್ಲಿನ ಪಕ್ಕದ್ದೇ. ಅರ್ಧ ಗಂಟೆಗೆ ಕೆಳಗಿನ ತಂಡ ಅಲ್ಲೇ ಬಲೆ ಹಾಕಿ ಎಣಿಸುತ್ತಿತ್ತು. ಅವರ ಮರುಕ ಇನ್ನೂ ಒಂದು ಕೈ ಮೇಲು: ಕೆಳಗಿನ ನೀರು ಹೊಲಸು, ಇವು ಮೇಲೇ ಸುಖವಾಗಿರಲಿ ಎಂದು ಅವೇ ಜೀವಿಗಳನ್ನು ಹೊತ್ತು ಸೇತುವೆಯ ಬಳಿ ಬಿಟ್ಟು ಬರುತ್ತಿತ್ತು. ಮುಂದಿನ ರವಿವಾರ ಮತ್ತೆ ಇದೇ. ನಿಮ್ಮ ಹುಳಹುಪ್ಪಟೆಗಳಿಗೆ ಸಿಟಿ ಬಸ್ಸಿನ ಪಾಸು ಒಂದೇ ಕಡಿಮೆ. ಎರಡೂ ತಂಡದ ಅಂಕಿ ತಾಳೆಯಾದಾಗಲೆಲ್ಲ ಪುಸ್ತಕದಲ್ಲಿ 'ಮೇಲೆ ಹದಿನಾಲ್ಕು, ಕೆಳಗೂ ಹದಿನಾಲ್ಕು, ಭೇಷ್' ಎಂದು ಬರೆದುಕೊಂಡಿದ್ದೀರಿ. ತಾಳೆಯಾಗದೆ ಏನಾದೀತು?

ಆ ಹದಿನಾಲ್ಕರಲ್ಲಿ ಒಂದು, ಎಡಗಡೆಯ ಕತ್ತರಿಗಾಲು ಕಳೆದುಕೊಂಡ ಏಡಿ. ನಲವತ್ತು ರವಿವಾರ, ದಿನಕ್ಕೆರಡು ಸಲ, ಒಟ್ಟು ಎಂಬತ್ತು ಸಲ ಅದರ ಹೆಸರಿದೆ. ಕಳೆದ ಕಾಲನ್ನು ಮತ್ತೆ ಬೆಳೆಸಿಕೊಳ್ಳಲೂ ಪಾಪದ ಪ್ರಾಣಿಗೆ ನೀವು ಪುರುಸೊತ್ತು ಕೊಟ್ಟಂತಿಲ್ಲ. ಇದರ ಮೇಲೆ ನಮ್ಮ ಕಾಲದ ಪ್ರಾಧ್ಯಾಪಕರೊಬ್ಬರು ಡಾಕ್ಟರೇಟ್ ಪಡೆದಿದ್ದಾರೆ. ಒಂಟಿ ಕತ್ತರಿಯ ಏಡಿಗಳ ದೊಡ್ಡ ಕುಲವೊಂದು ಈ ಹಳ್ಳದಲ್ಲಿ ಬಾಳಿತ್ತು, ಬಳಿಕ ಹಠಾತ್ತನೆ ನಿರ್ನಾಮವಾಯಿತು, ಕಾರಣ ಅಂತಃಕಲಹ ಎಂದು ಮುನ್ನೂರು ಪುಟ ಬರೆದಿದ್ದಾರೆ. ನಿನ್ನೆ ಅವರು ಮುಂದಿನ ಸಾಲಿನಲ್ಲೇ ಶಾಲು ಹೊದ್ದು ಕೂತಿದ್ದರು.

"ಎಂಬತ್ತು ಏಡಿ ಅಲ್ಲ ಇದು. ಒಂದೇ ಏಡಿ," ಎಂದರು ಚೆಲುವಯ್ಯ. "ಬರೀ ಏಡಿ ಅಲ್ಲ, ಆ ನಲವತ್ತು ವಾರದ ಲೆಕ್ಕ ಪೂರ್ತಿ ಡಬಲ್ಲು. ನೋಡಿ ಅಜ್ಜಿ, ಲೆಕ್ಕದಲ್ಲಿ ಸುಳ್ಳು ಸಿಕ್ಕಿದ್ರೆ, ಸಿಕ್ಕಿದ ದಿನಾನೇ ಮೊದಲ್ನೇ ಭಾನುವಾರ. ಇವತ್ತಿಂದ ಮತ್ತೆ ಒಂದರಿಂದ ಎಣಿಸ್ಬೇಕು."

ಮೊದಲ ಸಾಲಿನ ಕುರ್ಚಿಯಲ್ಲಿದ್ದ ತಂಗೆವ್ವ ಕಿವಿಗೆ ಕೈ ಹಿಡಿದು ಕೇಳಿದಳು:

"ಮತ್ತ ಏಳು ಸಾವಿರ ಅಂತೀಯೇನು?"

"ಹೂಂ ಅಜ್ಜಿ."

"ಅಷ್ಟ ಪುರಸೊತ್ತ ನನಗಿಲ್ಲೋ ತಮ್ಮಾ."

"ನಿಯಮ ನಾನು ಮಾಡಿದ್ದಲ್ಲ."

"ಹೌದು, ಎಣ್ಣಿಗಾಯಿ ತಿಂದಾಂವ ಮಾತ್ರ ನೀನ."

ಜನ ನಕ್ಕರು. ಆದರೆ ಆಕೆಯ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದುದನ್ನು ಪಕ್ಕದಲ್ಲಿದ್ದ ನಾನು ನೋಡಿದೆ. ಚೆಲುವಯ್ಯನವರೂ ನೋಡಿರಬೇಕು. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಸುಳ್ಳು ಬೇರೆ, ತಪ್ಪು ಬೇರೆ ಅಜ್ಜಿ. ನಾವು ಕಂಡುಹಿಡಿದ್ರೆ ಅದು ಸುಳ್ಳು. ಮಾಡಿದೋರೇ 'ತಪ್ಪಾಯ್ತು' ಅಂತ ಬರ್ದಿಟ್ಟಿದ್ರೆ ಅದು ದಾಖಲೆ. ಹಂಗೆ ಎಲ್ಲಾದ್ರೂ ಬರ್ದವ್ರಾ, ತೋರ್ಸಿ. ನಾನು ಪೂರ್ತಿ ಓದಿದೀನಿ, ಎಲ್ಲೂ ಇಲ್ಲ."

"ಡಬಲ್ ಲೆಕ್ಕ ನಲವತ್ತಕ್ಕ ನಿಂತೈತಲ್ಲ, ನಲವತ್ತೊಂದನೇ ರವಿವಾರದ ಹಾಳಿ ಓದಿಯೇನು?" ಎಂದಳು ತಂಗೆವ್ವ.

ಯಾರೂ ಓದಿಲ್ಲ. ನಲವತ್ತೊಂದರ ಹಾಳೆಯೂ ನಲವತ್ತೆರಡರ ಹಾಳೆಯೂ ಅಂಟಿಕೊಂಡು ಹಪ್ಪಳದಂತಾಗಿವೆ. ಮಧ್ಯೆ ದೊಡ್ಡ ಕಂದು ಕಲೆ. ಬೆಲ್ಲದ ಚಹಾ ಚೆಲ್ಲಿ, ಮೇಲೆ ಮಿರ್ಚಿ ಭಜಿಯ ಹಿಟ್ಟು ಉದುರಿ ಆದದ್ದೆಂದು ಪರೀಕ್ಷೆ ಮಾಡಿದವರು ಹೇಳಿದ್ದಾರೆ. ಪುಟಗಳು ಇವೆ, ಓದಲು ಬರುವುದಿಲ್ಲ ಎಂದು ಷರಾ ಬರೆದು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೂರು ವರ್ಷ ಪೂಜೆ ಮಾಡಿದ್ದೇವೆ. ಪೆಟ್ಟಿಗೆಯ ಉಸ್ತುವಾರಿಯವರು ಮುಂದೆ ಬಂದು ನಿಂತರು.

"ಮುಟ್ಟಬ್ಯಾಡ್ರಿ ಆಯಿ, ಹರಿದ ಹೋಗ್ತದ. ಹಂಗ ಇರಲಿ."

"ಹಂಗ ಇಟ್ಟ ಏನ ಮಾಡ್ತಿ, ಉಪ್ಪಿನಕಾಯಿ ಹಾಕ್ತೀಯೇನು? ಚಹಾದಿಂದ ಅಂಟಿದ್ದು ಚಹಾದಿಂದ ಬಿಡತೈತಿ. ಕೆಟಲಿ ಇಡ್ರಿ."

ಒಲೆ ಹೊತ್ತಿಸಿ ಕೆಟಲಿ ಇಟ್ಟೆವು. ಆವಿ ಬರತೊಡಗಿದಾಗ ಚೆಲುವಯ್ಯನವರೇ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸಿಗೆ ಶಾಖ ಕೊಡುವ ಹಾಗೆ ಅದರ ಮೇಲೆ ಆಡಿಸಿದರು. ತಂಗೆವ್ವ ಹಿಂದಿನಿಂದ ಹೇಳುತ್ತಲೇ ಇದ್ದಳು: "ಸಾವಕಾಶ. ದ್ವಾಸಿ ಎಬ್ಬಸಿದಂಗ. ಮೂಲ್ಯಾಗಿಂದ ಹಿಡಿ." ಹಾಳೆಗಳ ನಡುವಿಂದ ನೂರಮೂವತ್ತನಾಲ್ಕು ವರ್ಷದ ಹಿಂದಿನ ಬೆಲ್ಲದ ಚಹಾದ ವಾಸನೆ ಎದ್ದಿತು. ಊರಿಗೆ ಊರೇ ಒಮ್ಮೆ ಮೂಗೆಳೆದುಕೊಂಡಿತು. ಹಾಳೆ ಬಿಟ್ಟಿತು. ಚೆಲುವಯ್ಯ ಓದಿದರು:

'ಕಳೆದ ರವಿವಾರ ಸಂಶಯ ಬಂದು ಏಡಿಯ ಕಾಲಿಗೆ ಕೆಂಪು ದಾರ ಕಟ್ಟಿ ಬಿಟ್ಟಿದ್ದೆ. ಇಂದು ಅದು ಮೇಲಿನ ತಂಡದ ಬಲೆಯಲ್ಲೂ ಸಿಕ್ಕಿತು, ನಮ್ಮ ಬಲೆಯಲ್ಲೂ ಸಿಕ್ಕಿತು. ನಲವತ್ತು ವಾರ ನಾವು ಇದ್ದುದಕ್ಕಿಂತ ದುಪ್ಪಟ್ಟು ಎಣಿಸಿದ್ದೇವೆ. ಹಳ್ಳ ನಾವು ಹೇಳಿದಷ್ಟು ಚೆನ್ನಾಗಿಲ್ಲ. ಓದುವವರು ಹಿಂದಿನ ಅಂಕಿಗಳನ್ನು ಅರ್ಧ ಮಾಡಿ ಓದಬೇಕು. ಖಾಜಾಸಾಬ ಮುಲ್ಲಾನವರ, ಟೇಲರ್.'

ಚೆಲುವಯ್ಯ ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಪುಸ್ತಕವನ್ನು ಹಣೆಗೊತ್ತಿಕೊಂಡರು. "ಒಪ್ಕಂಡವ್ರೆ. ಅರ್ಧ ಮಾಡ್ಕಳಿ ಅಂತ ದಾರೀನೂ ತೋರ್ಸವ್ರೆ. ತಪ್ಪು, ಸುಳ್ಳಲ್ಲ. ಏಳು ಸಾವಿರಾನೂ ಊರ್ಜಿತ," ಎಂದರು. ಆ ಗದ್ದಲದಲ್ಲಿ ಹಿಂದಿನಿಂದ ಯಾರೋ ಪ್ರಾಧ್ಯಾಪಕರನ್ನು ಕೇಳಿದರು: "ಸರ್, ನಿಮ್ಮ ಪುಸ್ತಕಾನೂ ಅರ್ಧಾ ಮಾಡಿ ಓದಬೇಕೇನ್ರೀ?" ಅವರು ಒಳ್ಳೆಯ ಮನುಷ್ಯ. ಶಾಲನ್ನು ಮಡಚಿಟ್ಟು, "ಮೊದಲ ಯಾರರೆ ಓದ್ರಿ, ಆಮ್ಯಾಲೆ ಅರ್ಧಾ ಮಾಡೂಣಂತ," ಎಂದರು.

ತಂಗೆವ್ವನನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಮೆಟ್ಟಿಲಿಳಿಸಿದರು. ಬೆಳ್ಳಗೆ ತೊಳೆದಿಟ್ಟ ಲೋಟ ಕೊಟ್ಟರೆ ಬೇಡವೆಂದಳು. ನೀರಿನಲ್ಲಿ ಕೂತು, ಎಪ್ಪತ್ತಾರು ವರ್ಷ ಬರೀ ಹುಳ ಎತ್ತಿದ ಕೈಗಳಿಂದ ಬೊಗಸೆ ತುಂಬಿ ಎತ್ತಿ ಕುಡಿದಳು. ನಾವೆಲ್ಲ ಆಕೆಯ ಬಾಯಿಯನ್ನೇ ನೋಡುತ್ತಿದ್ದೆವು. ತುಟಿ ಒರೆಸಿಕೊಂಡು ಹೇಳಿದಳು:

"ಏನೂ ರುಚಿ ಇಲ್ಲ."

ನಾನು ಕಂಗಾಲಾಗಿ ಆಕೆಯ ಮುಖ ನೋಡಿದೆ. ಮುಖವೆಲ್ಲ ನಗು. "ಏನಂದ್ರ ಏನೂ ಇಲ್ಲೋ. ಹೊಲಸಿಲ್ಲ, ವಾಸನಿಲ್ಲ, ಔಷಧದ ಕಟು ಇಲ್ಲ. ಬರೇ ನೀರ," ಎಂದು ಎರಡನೇ ಬೊಗಸೆ ಎತ್ತಿದಳು, ಮೂರನೆಯದನ್ನೂ. ಒಂದೇ ಸಾಕೆಂದಿದ್ದೆಯಲ್ಲ ಆಯಿ ಎಂದರೆ, "ನೀನೂ ಈಗ ಎಣಿಸೂದ ಬಿಡು," ಎಂದಳು. ಆಮೇಲೆ ಚೆಲುವಯ್ಯನವರನ್ನು ಕರೆದಳು: "ಬಾರೋ ತಮ್ಮಾ, ನೀನೂ ಕುಡಿ. ನಿನ್ನಿ ಖಾರ ಜಾಸ್ತಿ ಆಗಿತ್ತು, ಮರ್ಯಾದಿಗೆ ಸುಮ್ನಿದ್ದಿ." ಅವರು ಪ್ಯಾಂಟು ಮಡಚಿಕೊಂಡು ಇಳಿದರು. ಹಿಂದೆಯೇ ಊರೆಲ್ಲ ಇಳಿಯಿತು. ಹೊಸ ಬಟ್ಟೆಗಳ ಸುದ್ದಿ ಕೇಳಬೇಡಿ.

ಇನ್ನು ನಾನು ಈ ಪತ್ರ ಬರೆಯಲು ನಿಜವಾದ ಕಾರಣ. ಹಾಳೆ ಬಿಟ್ಟಾಗ ಚೆಲುವಯ್ಯನವರೂ ನಾನೂ ಒಂದನ್ನು ನೋಡಿದೆವು, ಸಭೆಯಲ್ಲಿ ಹೇಳಲಿಲ್ಲ. ಆ ಹಾಳೆ ಹೊಲಿಗೆಯ ಕಡೆ, ಮೇಲಿನಿಂದ ಎರಡು ಇಂಚು ಹರಿದಿದೆ. ಯಾರೋ ಅದನ್ನು ಕಿತ್ತುಹಾಕಲು ಹೊರಟು, ಎರಡು ಇಂಚಿಗೆ ನಿಲ್ಲಿಸಿದ್ದಾರೆ. ಹಾಗಾಗಿ ಈ ಪತ್ರ ನಿಮ್ಮ ನಲವತ್ತೊಂದನೇ ರವಿವಾರ, ಮಿರ್ಚಿ ಚಹಾದ ಹೊತ್ತಿಗೆ ಸರಿಯಾಗಿ ದಂಡೆಯ ಮೇಲೆ ಸಿಗುವಂತೆ, ಹಿಂದಿನ ಕಾಲಕ್ಕೂ ಪತ್ರ ಮುಟ್ಟಿಸುವ ನಮ್ಮ ಟಪಾಲಿನವರಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಖಾಜಾಸಾಬರು ಈಗಷ್ಟೇ ಬರೆದು ಪೆನ್ನು ಮುಚ್ಚಿದ್ದಾರೆ. ಪ್ರೇಮಲತಾ ಬಾಯಿಯವರೇ, ನಿಮ್ಮ ಬೆರಳು ಹಾಳೆಯ ಮೇಲಿದೆ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು ನೀವು. ಹಳ್ಳ ಸುಧಾರಿಸುತ್ತಿದೆ ಎಂದು ಮೊನ್ನೆಯಷ್ಟೇ ಪೇಪರಿನಲ್ಲಿ ಬಂದಿದೆ, ನಿಮ್ಮ ಫೋಟೋ ಸಮೇತ. ಇದು ಹೊರಬಿದ್ದರೆ ಜನ ನಗುತ್ತಾರೆ, ಉಳಿದ ಏಳು ಮಂದಿ ನಾಚಿ ಮುಂದಿನ ವಾರ ಬಾರದೆಯೂ ಇದ್ದಾರು ಎಂದು ನಿಮಗೆ ಹೆದರಿಕೆ. ಜನ ನಗುವುದಂತೂ ನಿಜ. ನಾವು ನಿನ್ನೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಆದರೆ ನಗುತ್ತಲೇ ನೀರು ಕುಡಿದೆವು, ತಾಯಿ. ಹರಿಯುವ ಕೆಲಸವನ್ನು ಹಳ್ಳಕ್ಕೆ ಬಿಡಿ. ಹಾಳೆ ಇದ್ದಲ್ಲೇ ಇರಲಿ. ಎರಡು ಇಂಚಿಗೆ ಕೈ ತೆಗೆಯಿರಿ. ಕೈ ತಾಗಿ ಚಹಾ ಚೆಲ್ಲಿದರೆ ಚೆಲ್ಲಲಿ.

ಅಂಟಿದ್ದ ಹಾಳೆಯ ಇನ್ನೊಂದು ಬದಿಯನ್ನೂ ನಾನು ನಿನ್ನೆ ಓದಿದೆ. ಅದು ನಿಮ್ಮ ನಲವತ್ತೆರಡನೇ ರವಿವಾರ, ನಿಮ್ಮದೇ ಅಕ್ಷರ. ಮೇಲೆ ಏಳು, ಕೆಳಗೆ ಮೂರು. ಜೀವಿಗಳನ್ನು ಸಿಕ್ಕಲ್ಲೇ ಬಿಡಲಾಯಿತು. ಅದರಡಿ ಒಂಬತ್ತು ಸಹಿ. ಒಂಬತ್ತನ್ನೂ ಎರಡು ಸಲ ಎಣಿಸಿ ನೋಡಿದ್ದೇನೆ, ಬೇರೆ ಬೇರೆಯವರವೇ.

ಇಂತಿ, ನಿಮ್ಮ ನೀರು ಕುಡಿದವನು,
ಹಳ್ಳಗಾರ ನಾಗೇಶಿ ಹೆಬಸೂರ